ಸಂಖ್ಯೆ ಹೊಂದದ ಕೋಲ್ಟ್‌ಗಳ ಬೆನ್ನು ಹತ್ತಿ

ಅಮೆರಿಕದ ಅಶ್ವದಳ ಬಳಸಿದ ಹಳೆಯ ಕೋಲ್ಟ್ ರಿವಾಲ್ವರ್ ಕೈಗೆ ಬಂದರೆ ಸಂಗ್ರಾಹಕರು ಮೊದಲು ಕೇಳುವುದು ಒಂದೇ: ನಂಬರ್ ಹೊಂದುತ್ತವೆಯಾ? ಫ್ರೇಮ್, ಟ್ರಿಗರ್ ಗಾರ್ಡ್, ಹಿಡಿಯ ಬೆನ್ನುಪಟ್ಟಿ, ಸಿಲಿಂಡರ್, ನಳಿಗೆ, ಎಲ್ಲದರಲ್ಲೂ ಒಂದೇ ಸಂಖ್ಯೆ ಇದ್ದರೆ ಬೆಲೆ ಕೈಗೆಟಕುವುದಿಲ್ಲ. ನಾನು ಬೇಕೆಂದೇ ಹುಡುಕುವುದು ಹೊಂದದೇ ಇರುವುದನ್ನು.

ಕೊಡಗಿನಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವುದನ್ನು ನೋಡುತ್ತಲೇ ಬೆಳೆದವನು ನಾನು. ಕೆಲಸದ ಮೇಲೆ ಅರಿಜೋನಾಕ್ಕೆ ಬಂದಾಗ ಫೋರ್ಟ್ ಹುವಾಚುಕಾದ ಮ್ಯೂಸಿಯಂ ಸೆಳೆದದ್ದು ಸಹಜವೇ. ಅಲ್ಲಿನ ಮೂಲನಿವಾಸಿಗಳಾದ ಅಪಾಚೆಗಳ ವಿರುದ್ಧದ ಕಾರ್ಯಾಚರಣೆಗೆಂದು 1877ರಲ್ಲಿ ಹಾಕಿದ ಠಾಣೆ ಅದು. ಅಂಥ ಠಾಣೆಗಳ ಸವಾರರ ಸೊಂಟದಲ್ಲಿದ್ದುದು 1873ರಲ್ಲಿ ಸೈನ್ಯ ಒಪ್ಪಿಕೊಂಡ ಕೋಲ್ಟ್ ಸಿಂಗಲ್ ಆಕ್ಷನ್: .45 ಕ್ಯಾಲಿಬರ್, ಏಳೂವರೆ ಇಂಚಿನ ನಳಿಗೆ, ಒಂದೇ ತುಂಡು ವಾಲ್ನಟ್ ಮರದ ಹಿಡಿ. 1891ರವರೆಗೆ ಸರ್ಕಾರ ಸುಮಾರು 37,000 ಕೊಂಡಿತು.

1890ರ ದಶಕದಲ್ಲಿ ಸೈನ್ಯ .38ರ ಹೊಸ ರಿವಾಲ್ವರಿಗೆ ಹೊರಳಿತು. ಹಳೆಯವನ್ನು ಎಸೆಯಲಿಲ್ಲ. ರಾಶಿ ಹಾಕಿ ಬಿಚ್ಚಿದರು, ನಳಿಗೆಯನ್ನು ಐದೂವರೆ ಇಂಚಿಗೆ ಕತ್ತರಿಸಿದರು, ಹೊಳಪು ಕೊಟ್ಟರು, ಕೈಗೆ ಸಿಕ್ಕಿದ ಭಾಗಕ್ಕೆ ಕೈಗೆ ಸಿಕ್ಕಿದ್ದನ್ನು ಕೂಡಿಸಿದರು. ಸಂಖ್ಯೆಯನ್ನು ಹೆಚ್ಚಾಗಿ ಯಾರೂ ನೋಡಲಿಲ್ಲ. ಸಂಗ್ರಾಹಕರು ಇವನ್ನು ಆರ್ಟಿಲರಿ ಮಾಡೆಲ್ ಎನ್ನುತ್ತಾರೆ. .38ರ ಗುಂಡಿಗೆ ಬಲ ಸಾಲದೆಂದು ಫಿಲಿಪೈನ್ಸ್ ಯುದ್ಧದಲ್ಲಿ ಗೊತ್ತಾದಾಗ ಮತ್ತೆ ಬೇಡಿಕೆ ಬಂದದ್ದು ಇವಕ್ಕೇ.

ನನ್ನ ಬಳಿ ಇರುವ ಮೊದಲನೆಯದರಲ್ಲಿ ಫ್ರೇಮ್ 1874ರದು. ಆ ಹೊತ್ತಿನಲ್ಲಿ ಸೈನ್ಯದ ಪರವಾಗಿ ಆಯುಧ ಪರೀಕ್ಷಿಸಿ ಮುದ್ರೆ ಒತ್ತುತ್ತಿದ್ದ ತನಿಖಾಧಿಕಾರಿ ಆರ್ವಿಲ್ ಏನ್ಸ್‌ವರ್ತ್. ಅವನ ‘ಎ’ ಅಕ್ಷರ ಸಣ್ಣ ಸಣ್ಣ ಭಾಗಗಳ ಮೇಲೂ ಇರುತ್ತದೆ. ನಳಿಗೆ ನಂತರದ ತನಿಖಾಧಿಕಾರಿ ಡೇವಿಡ್ ಕ್ಲಾರ್ಕ್ ಕಾಲದ್ದು, ಅದರ ಮೇಲೆ ಅವನ ಮುದ್ರೆ. ಹಿಡಿಯ ಮೇಲೆ ಇನ್ನೊಬ್ಬ ತನಿಖಾಧಿಕಾರಿ ರಿನಾಲ್ಡೊ ಕಾರ್ ಹಾಕಿದ ಮುದ್ರೆ, ಅಂದರೆ ದುರಸ್ತಿಯಾದ ಮೇಲಿನದು. ಸಿಲಿಂಡರಿನ ಸಂಖ್ಯೆ ಇವು ಯಾವುದಕ್ಕೂ ಸೇರದು. ಸಾಬೀತಾದ ಇಷ್ಟು ಬದುಕು ಒಂದೇ ಬಂದೂಕಿನಲ್ಲಿ ಸಿಗುವುದು ನನಗೆ ದೊಡ್ಡದು.

ಹೊಂದಿದ ಸಂಖ್ಯೆಯವುಗಳ ಸುತ್ತ ಕಟ್ಟುಕಥೆ ಬಹಳ. ಏನ್ಸ್‌ವರ್ತ್ ಮುದ್ರೆ ಕಂಡರೆ ಸಾಕು, ಮಾರುವವರು ಕಸ್ಟರ್‌ನ ಏಳನೇ ಅಶ್ವದಳ, ಅದು ಮೂಲನಿವಾಸಿಗಳ ಎದುರು ಸೋತ 1876ರ ಲಿಟಲ್ ಬಿಗ್‌ಹಾರ್ನ್ ಕದನ ಎಂದು ಶುರುಮಾಡುತ್ತಾರೆ. ಯಾವ ಸಂಖ್ಯೆ ಯಾವ ತುಕಡಿಗೆ ಹೋಯಿತೆಂಬ ದಾಖಲೆ ಬಹುಮಟ್ಟಿಗೆ ಉಳಿದಿಲ್ಲ. ಅಂದು ಸತ್ತವರ ಆಯುಧಗಳು ಲಕೋಟಾ, ಶೈಯೆನ್ ಯೋಧರ ಪಾಲಾದವು. 1983ರಲ್ಲಿ ಅಲ್ಲಿನ ಹುಲ್ಲುಗಾವಲು ಸುಟ್ಟ ಮೇಲೆ ಪುರಾತತ್ತ್ವಜ್ಞರು ಅಗೆದು, ತೋಟಾಗಳ ಹಿಂಬದಿಯಲ್ಲಿ ಫೈರಿಂಗ್ ಪಿನ್ (ತೋಟಾ ಸಿಡಿಸುವ ಮೊಳೆ) ಬಿಟ್ಟ ಗುರುತು ಹೋಲಿಸಿ ಯಾವ ಬಂದೂಕು ಎಲ್ಲಿಂದ ಎಲ್ಲಿಗೆ ಸರಿಯಿತೆಂದು ತೋರಿಸಿದರು. ಅಂಥ ಪುರಾವೆ ಇದ್ದರೆ ನಂಬುತ್ತೇನೆ. ಅಜ್ಜನ ಕಥೆಗೆ ದುಡ್ಡು ಕೊಡುವುದಿಲ್ಲ.

ಕೊಳ್ಳುವ ಮೊದಲು ನಾನು ಹತ್ತು ಪಟ್ಟು ಹಿಗ್ಗಿಸುವ ಲೂಪ್ ಹಿಡಿದು ಕೂರುತ್ತೇನೆ. ಫ್ರೇಮಿನ ಎಡಗಡೆಯ ‘ಯು.ಎಸ್.’ ಮುದ್ರೆಯ ಸುತ್ತ ಲೋಹ ಸವೆದು, ಅಕ್ಷರದ ಅಂಚು ಮಾತ್ರ ಚೂಪಾಗಿದ್ದರೆ ಕೈ ಬಿಡುತ್ತೇನೆ. ತುಕ್ಕು ತಿಂದ ಗುಳಿಯೊಳಕ್ಕೂ ಅಕ್ಷರ ಇಳಿದಿದ್ದರೆ ಅದು ಖಂಡಿತ ತುಕ್ಕಿನ ನಂತರ ಹೊಡೆದದ್ದು. ಪೇಟೆಂಟ್ ತಾರೀಖುಗಳೂ ಸಾಕ್ಷಿ ಹೇಳುತ್ತವೆ: 1874ರ ಫ್ರೇಮಿನ ಮೇಲೆ 1871 ಮತ್ತು 1872 ಮಾತ್ರ ಇರಬೇಕು, 1875 ಇರಕೂಡದು. ಆರ್ಟಿಲರಿ ಮಾಡೆಲ್ಲಿಗೆ ಉದ್ದ ನಳಿಗೆ ಹಾಕಿ ಅಶ್ವದಳದ್ದೆಂದು ಮಾರುವ ಚಾಳಿಯೂ ಇದೆ. ಕೋಲ್ಟ್ ಕಂಪನಿಯ ದಾಖಲೆ ಪತ್ರ ತರಿಸುವುದು ಒಳ್ಳೆಯದೇ, ಆದರೆ ಅದರಲ್ಲಿ ಸಿಗುವುದು ಫ್ರೇಮಿನ ಸಂಖ್ಯೆ ಸರ್ಕಾರಕ್ಕೆ ಯಾವಾಗ ರವಾನೆಯಾಯಿತು ಎಂಬಷ್ಟೇ.

ಅಮೆರಿಕದ 1968ರ ಬಂದೂಕು ಕಾನೂನಿನಂತೆ 1898 ಅಥವಾ ಅದಕ್ಕೂ ಮೊದಲು ತಯಾರಾದವು ಪುರಾತನ ವಸ್ತುಗಳು. ಕೆಲವು ರಾಜ್ಯಗಳ ನಿಯಮ ಬೇರೆ, ವಿಚಾರಿಸಿಯೇ ಕೊಳ್ಳಬೇಕು. ಕರಿಮದ್ದಿಗೆಂದು ಮಾಡಿದ ಈ ಉಕ್ಕಿಗೆ ಇಂದಿನ ತೋಟಾ ಹಾಕುವುದು ಅಪಾಯ. ನಾನಂತೂ ಯಾವುದನ್ನೂ ಹಾರಿಸುವುದಿಲ್ಲ. ಉಜ್ಜಿ ಹೊಳೆಯಿಸುವುದಿಲ್ಲ, ಮರಕ್ಕೆ ಪಾಲಿಶ್ ಮುಟ್ಟಿಸುವುದಿಲ್ಲ, ಲೋಹಕ್ಕೆ ತೆಳುವಾಗಿ ಮೇಣ ಸವರಿ ಒಣಗಿದ ಜಾಗದಲ್ಲಿ ಇಡುತ್ತೇನೆ. ಚರ್ಮದ ಹೋಲ್ಸ್ಟರ್‌ನಲ್ಲಿ ಇಟ್ಟರೆ ತೇವ ಹಿಡಿದು ಕೆಡುತ್ತದೆ.

ಈಗ ಹುಡುಕುತ್ತಿರುವುದು ಸ್ಕೊಫೀಲ್ಡ್. ಹತ್ತನೇ ಅಶ್ವದಳದ ಮೇಜರ್ ಜಾರ್ಜ್ ಸ್ಕೊಫೀಲ್ಡ್ ತಿದ್ದಿದ ಸ್ಮಿತ್ ಅಂಡ್ ವೆಸನ್ ಕಂಪನಿಯ ರಿವಾಲ್ವರ್ ಅದು. ನಳಿಗೆ ಕೆಳಕ್ಕೆ ಮಡಚಿದರೆ ಖಾಲಿ ತೋಟಾ ಎಲ್ಲ ಒಮ್ಮೆಲೇ ಹೊರಬೀಳುತ್ತವೆ. ಓಡುವ ಕುದುರೆಯ ಮೇಲೆ ಒಂದೊಂದಾಗಿ ತಳ್ಳುವ ಕೋಲ್ಟಿಗಿಂತ ಎಷ್ಟೋ ಸುಲಭ. ಸೈನ್ಯ ಮಾರಿಬಿಟ್ಟ ಮೇಲೆ ಅನೇಕದರ ಏಳು ಇಂಚಿನ ನಳಿಗೆ ಕತ್ತರಿಗೆ ಸಿಕ್ಕಿತು, ಹಾಗಾಗಿ ಕತ್ತರಿಸದ ಒಂದು ಸಿಗುವುದು ಕಷ್ಟ. ಕತ್ತರಿಸಿದ್ದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಅದನ್ನೇ ತರುತ್ತೇನೆ.