ಹಳೆಯ ಬರೋಲೊ, ನಮ್ಮನೆ ಚೊಗರು

ನನ್ನ ವೈನ್ ಪುಸ್ತಕದ ಮೊದಲ ಪುಟದಲ್ಲಿ ಹೀಗಿದೆ: ‘ಬ್ಲ್ಯಾಕ್‌ಕರಂಟ್, ಸೀಡರ್, ಸಿಗಾರ್ ಪೆಟ್ಟಿಗೆ.’ ಬರೆದದ್ದು 2011ರಲ್ಲಿ, ಕೆಲಸಕ್ಕೆಂದು ಇಟಲಿಯ ಟ್ಯೂರಿನ್‌ಗೆ ಬಂದ ಎರಡನೇ ವರ್ಷ. ಅಲ್ಲಿಯವರೆಗೆ ನಾನು ಬ್ಲ್ಯಾಕ್‌ಕರಂಟ್ ತಿಂದವನಲ್ಲ, ಸೀಡರ್ ಮರ ಮೂಸಿದವನಲ್ಲ, ಸಿಗಾರ್ ಪೆಟ್ಟಿಗೆಯನ್ನಂತೂ ಸಿನಿಮಾದಲ್ಲಿ ಬಿಟ್ಟರೆ ಎಲ್ಲೂ ಕಂಡಿರಲಿಲ್ಲ. ಪಕ್ಕದಲ್ಲಿ ಕೂತವರು ಹೇಳಿದ್ದನ್ನು ಕಾಪಿ ಹೊಡೆದಿದ್ದೆ. ಇವತ್ತು ಆ ಪುಟ ತೆಗೆದರೆ ಆ ವೈನ್ ಹೇಗಿತ್ತೆಂಬುದು ಒಂದು ಚೂರೂ ನೆನಪಾಗುವುದಿಲ್ಲ.

ನನ್ನ ಮೂಗನ್ನು ನನಗೆ ವಾಪಸು ಕೊಡಿಸಿದವರು ಕೆಳಗಿನ ಮನೆಯ ಅಜ್ಜ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಇಲ್ಲಿನ ಹಳೆಯ ಕಟ್ಟಡಗಳಲ್ಲಿ ಪ್ರತಿ ಮನೆಗೂ ನೆಲದಡಿಯಲ್ಲಿ ‘ಕಾಂತಿನಾ’ ಎಂಬ ಕತ್ತಲೆ ಕೋಣೆ ಇರುತ್ತದೆ. ನಾವು ಅಲ್ಲಿ ಸೈಕಲ್ಲು, ಸೂಟ್‌ಕೇಸು ತುಂಬಿಟ್ಟಿದ್ದೇವೆ. ಅಜ್ಜ ಬರೋಲೊ, ಅಂದರೆ ಈ ಸೀಮೆಯ ಹೆಸರಾಂತ ಕೆಂಪು ವೈನ್, ತುಂಬಿಟ್ಟಿದ್ದಾರೆ. ಇಂಜಿನಿಯರುಗಳನ್ನು ಇಲ್ಲಿ ‘ಇಂಜೆನ್ಯೇರೆ’ ಎಂದೇ ಕರೆಯುವುದು ರೂಢಿ, ನಮ್ಮೂರಲ್ಲಿ ‘ಮಾಸ್ತರೇ’ ಅಂದ ಹಾಗೆ. ಅಜ್ಜ ನನ್ನನ್ನು ಕರೆಯುವುದೂ ಹಾಗೇ. ಒಂದು ಸಂಜೆ ನನಗೊಂದು ಎಳೆಯ ಬರೋಲೊ ಸುರಿದು, ತಾವೂ ಗುಟುಕರಿಸಿ, ಮುಖ ಕಿವುಚಿ ‘ಅಲ್ಲಪ್ಪಾ!’ ಅಂದರು.

ಅಚ್ಚ ಕನ್ನಡದಲ್ಲಿ! ಕ್ಷಣ ಹೊತ್ತು ಬೆಪ್ಪಾದೆ. ಆಮೇಲೆ ಗೊತ್ತಾಯಿತು, ಅದು ಇಟಾಲಿಯನ್ನೇ. ಇನ್ನೂ ಕಾಯಾಗಿರುವ ಪರ್ಸಿಮನ್ ಹಣ್ಣು ಕಚ್ಚಿದಾಗ ನಾಲಿಗೆ, ಒಸಡು ಎಲ್ಲ ಬಿಗಿಯುತ್ತದಲ್ಲ, ಅದಕ್ಕೆ ಇವರು ಹೇಳುವ ಕ್ರಿಯಾಪದ. ‘ನಮ್ಮ ಭಾಷೆಯಲ್ಲಿ ಇದಕ್ಕೆ ಒಗರು ಅಂತಾರೆ’ ಎಂದೆ. ಹೇಳಿದ ಕ್ಷಣವೇ ಬಾಯಲ್ಲಿ ಚೊಗರಿನ ರುಚಿ ಬಂತು. ಶಿರಸಿ ಸೀಮೆಯ ಅಡಿಕೆ ತೋಟದವನು ನಾನು. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕಗ್ಗೆಂಪು ನೀರೇ ಚೊಗರು. ಚಿಕ್ಕವನಿದ್ದಾಗ ಅದರಲ್ಲಿ ಬೆರಳದ್ದಿ ನೆಕ್ಕಿ ಆಯಿಯಿಂದ ಬೈಸಿಕೊಂಡಿದ್ದೆ. ಆ ಬರೋಲೊದಲ್ಲಿದ್ದದ್ದು ಅದೇ ಹಿಡಿತ. ಅಂದು ರಾತ್ರಿ ಪುಸ್ತಕದಲ್ಲಿ ಮೊದಲ ಬಾರಿ ಕನ್ನಡದಲ್ಲಿ ಬರೆದೆ: ‘ಚೊಗರು. ನೀರು ಬೆರೆಸದ್ದು.’ ಆ ವೈನ್ ಈಗಲೂ ನೆನಪಿದೆ.

ಒಗರು ಎಂಬ ಪದ ನಮಗಿರುವುದು ದೊಡ್ಡ ಅನುಕೂಲ. ಷಡ್ರಸಗಳಲ್ಲಿ ಕಹಿ ಬೇರೆ, ಒಗರು ಬೇರೆ. ಹೊಸಬರು ವೈನ್ ಕುಡಿದು ‘ಕಹಿ’ ಎಂದು ದೂರುವುದು ಬಹುತೇಕ ಒಗರಿನ ಬಗ್ಗೆ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರಿಕೆಯನ್ನು ಕಿತ್ತುಕೊಳ್ಳುತ್ತದೆ. ಹಾಗಾಗಿ ಅದು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ವೈನ್ ಹಳತಾದಂತೆ ಟ್ಯಾನಿನ್ನೂ ಬಣ್ಣದ ಅಂಶವೂ ಒಂದಕ್ಕೊಂದು ಕೊಂಡಿಯಾಗಿ ಉದ್ದ ಬೆಳೆಯುತ್ತವೆ. ಒಂದಷ್ಟು ಗಷ್ಟಾಗಿ ಬಾಟಲಿಯ ತಳ ಸೇರುತ್ತದೆ. ಒಗರು ಪಳಗುತ್ತದೆ, ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಬರೋಲೊದ ನೆಬ್ಬಿಯೋಲೊ ದ್ರಾಕ್ಷಿಯಲ್ಲಿ ಬಣ್ಣ ಮೊದಲೇ ತೆಳು, ಒಗರೂ ಹುಳಿಯೂ ಭಾರಿ. ಮಾರಾಟಕ್ಕೆ ಮುಂಚೆ ಕನಿಷ್ಠ 38 ತಿಂಗಳು ಇಡಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಎಂಬುದು ಈಗಿನ ನಿಯಮ. ಅಜ್ಜನಂಥವರಿಗೆ ಅದೂ ಸಾಲದು, ಹದಿನೈದು ಇಪ್ಪತ್ತು ವರ್ಷ ಕಾಯುತ್ತಾರೆ.

ಹೀಗೆ ಶುರುವಾದದ್ದು ನಮ್ಮ ಕೂಟ. ಅಜ್ಜ, ನನ್ನ ಸಹೋದ್ಯೋಗಿ ಮತ್ತು ಅವನ ಹೆಂಡತಿ, ಮಿಲಾನಿನಿಂದ ರೈಲು ಹತ್ತಿ ಬರುವ ಪುತ್ತೂರಿನ ಗೆಳೆಯ, ನಮ್ಮನೆಯ ನಾವಿಬ್ಬರು. ವರ್ಷಕ್ಕೆ ಎರಡೋ ಮೂರೋ ಸಲ, ಎಲ್ಲರೂ ಬಾಟಲಿ ತರಬೇಕೆಂದಿಲ್ಲ. ಮೊದಲ ಕೂಟದಲ್ಲೇ ಒಂದು ಎಡವಟ್ಟು ಮಾಡಿದೆ: ಊರಿಂದ ಬಂದ ಮಿಡಿ ಉಪ್ಪಿನಕಾಯಿ ಬಡಿಸಿಬಿಟ್ಟೆ. ಖಾರ, ಒಗರು, ಆಲ್ಕೋಹಾಲ್ ಮೂರೂ ಸೇರಿ ಇಪ್ಪತ್ತು ವರ್ಷದ ಬಾರ್ಬರೆಸ್ಕೊ (ಅದೂ ನೆಬ್ಬಿಯೋಲೊ ದ್ರಾಕ್ಷಿಯ ವೈನೇ) ಬಾಯಲ್ಲಿ ಬೆಂಕಿಯಾಯಿತು. ಈಗ ಫರಿನಾತಾ, ಅಂದರೆ ಕಡಲೆಹಿಟ್ಟಿನ ದಪ್ಪ ದೋಸೆ, ಸ್ವಲ್ಪ ಚೀಸು, ಬ್ರೆಡ್ಡು, ಅಷ್ಟೆ.

ಎರಡನೇ ಎಡವಟ್ಟಿನಿಂದ ಒಂದು ನಿಯಮವೇ ಬಂತು. ಯಾರೋ ‘ಗುಲಾಬಿ’ ಎಂದರೆ ಸಾಕು, ಎಲ್ಲರ ಗ್ಲಾಸಿನಲ್ಲೂ ಗುಲಾಬಿ ಅರಳುತ್ತಿತ್ತು. ಇದು ನಮ್ಮೊಬ್ಬರ ಹಣೆಬರಹವಲ್ಲ. 2001ರಲ್ಲಿ ಪ್ರಕಟವಾದ, ಫ್ರಾನ್ಸಿನ ಬೋರ್ಡೊ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ 54 ಮಂದಿಗೆ ಕೊಟ್ಟಿದ್ದರು. ವೈನ್ ಶಾಸ್ತ್ರವನ್ನೇ ಓದುತ್ತಿದ್ದವರು ಅವರು; ಆದರೂ ಕೆಂಪು ವೈನಿಗೆ ಬಳಸುವ ಪದಗಳಲ್ಲೇ ಅದನ್ನು ವರ್ಣಿಸಿದರು. ಕಣ್ಣೇ ಮೂಗಿಗೆ ಇಷ್ಟು ಹೇಳಿಕೊಡುವಾಗ ಪಕ್ಕದವನ ಬಾಯಿ ಎಷ್ಟು ಹೇಳಿಕೊಡಬೇಡ? ಹಾಗಾಗಿ ಸುರಿದ ಮೇಲೆ ಹತ್ತು ನಿಮಿಷ ಯಾರೂ ತುಟಿಪಿಟಕ್ ಅನ್ನುವಂತಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಬರೆಯಬೇಕು. ಆಮೇಲೆ ಓದಬೇಕು, ಬರೆದದ್ದನ್ನು ತಿದ್ದದೆ.

ಕಳೆದ ನವೆಂಬರಿನ ಕೂಟದ ಕಥೆ ಹೇಳುತ್ತೇನೆ. ನಾಲ್ಕು ಬಾಟಲಿ: 1997ರ ಬರೋಲೊ ಲಾ ಮೊರಾ ಗ್ರಾಮದ್ದು, 1996ರ ಬರೋಲೊ ಸೆರ್ರಾಲುಂಗಾದ್ದು, ಸ್ಪೇನಿನ 1994ರ ರಿಯೋಹಾ ಗ್ರಾನ್ ರೆಸೆರ್ವಾ, ಬೋರ್ಡೊದ ಮೆಡೊಕ್ ಕಡೆಯ 1995. ಕೊನೆಯದನ್ನು ತಂದವನು ಸಹೋದ್ಯೋಗಿ. ಮಗಳು ಹುಟ್ಟಿದ ವರ್ಷದ ವೈನ್, ಮೂರು ಮನೆ ಬದಲಿಸುವಾಗಲೂ ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಬಂದದ್ದು.

ಬಾಟಲಿಗಳನ್ನು ಎರಡು ದಿನ ಮೊದಲೇ ಕಾಂತಿನಾದಲ್ಲಿ ನೆಟ್ಟಗೆ ನಿಲ್ಲಿಸಿದ್ದೆವು, ಗಷ್ಟು ತಳಕ್ಕಿಳಿಯಲೆಂದು. ಹಳೆಯ ಬಿರಡೆ ಒಳಗೊಳಗೇ ಪುಡಿಯಾಗಿರುತ್ತದೆ. ತಿರುಪು ಹಾಕಿ ಎಳೆದರೆ ಅರ್ಧ ಕೈಗೆ, ಅರ್ಧ ವೈನಿಗೆ. ಅಜ್ಜನ ಬಳಿ ಎರಡು ತೆಳ್ಳನೆ ಪಟ್ಟಿಗಳ ಚಿಮಟದಂಥ ಸಾಧನವಿದೆ. ಬಿರಡೆಯ ಎರಡೂ ಬದಿಗೆ ಅದನ್ನು ತೂರಿಸಿ ತಿರುವುತ್ತ ಮೇಲೆತ್ತುತ್ತಾರೆ. ನಾಲ್ಕರಲ್ಲಿ ಮೂರು ಇಡಿಯಾಗಿ ಬಂದವು. ರಿಯೋಹಾದ್ದು ಮುರಿಯಿತು, ಚಹಾ ಸೋಸುವ ಜಾಲರಿಯಲ್ಲಿ ಸೋಸಿದೆವು. ಶಾಸ್ತ್ರ ಬಲ್ಲವರು ಬೈದರೆ ಬೈಯಲಿ. 1996ನ್ನು ಮಾತ್ರ ಗಾಜಿನ ಹೂಜಿಗೆ ಬಗ್ಗಿಸಿದೆವು. ಕುತ್ತಿಗೆಯ ಕೆಳಗೆ ಮೊಬೈಲಿನ ಬೆಳಕು ಹಿಡಿದು, ಗಷ್ಟಿನ ಮೊದಲ ಎಳೆ ಕಂಡ ಕೂಡಲೇ ನಿಲ್ಲಿಸಿ. ಉಳಿದವನ್ನು ಗಾಳಿಗೊಡ್ಡಲು ಧೈರ್ಯ ಬರಲಿಲ್ಲ. ಮುದಿ ವೈನಿಗೆ ಗಾಳಿ ಹೆಚ್ಚಾದರೆ ಅರ್ಧ ಗಂಟೆಯಲ್ಲಿ ಕಣ್ಮುಚ್ಚಿಬಿಡುವುದುಂಟು. ಒಬ್ಬೊಬ್ಬರಿಗೆ ಮೊದಲ ಸುತ್ತಿಗೆ 60 ಮಿಲಿ ಮಾತ್ರ. ಗ್ಲಾಸಿನಲ್ಲಿ ಉಳಿಸಿಕೊಂಡು ಮತ್ತೆ ಮತ್ತೆ ಮೂಸುವುದೇ ಕೆಲಸ.

ರಿಯೋಹಾ ಎಲ್ಲರಿಗೂ ಸುಲಭವಾಯಿತು. ಗ್ರಾನ್ ರೆಸೆರ್ವಾ ಎಂದರೆ ಕನಿಷ್ಠ ಐದು ವರ್ಷ ಇಟ್ಟದ್ದು, ಅದರಲ್ಲಿ ಎರಡು ವರ್ಷ ಪೀಪಾಯಿಯಲ್ಲಿ. ಅಲ್ಲಿ ಅಮೆರಿಕದ ಓಕ್ ಮರ ಬಳಸುವ ಸಂಪ್ರದಾಯ, ಆ ಮರದಲ್ಲಿ ತೆಂಗಿನ ಪರಿಮಳದ ಲ್ಯಾಕ್ಟೋನ್ ಎಂಬ ಅಂಶ ಜಾಸ್ತಿ. ನಾನು ಬರೆದದ್ದು: ‘ಅಟ್ಟದ ಮೇಲಿನ ಕೊಬ್ಬರಿ ಗಿಟುಕು. ಹಳೆ ಹುಣಸೆಹಣ್ಣು. ಹುಳಿ ಇನ್ನೂ ಜೀವಂತ. ಒಗರು ಇಲ್ಲವೆನ್ನುವಷ್ಟು.’ ಪುತ್ತೂರಿನವನು ಎರಡೇ ಪದ ಬರೆದಿದ್ದ: ‘ತೆಂಗಿನೆಣ್ಣೆ ಡಬ್ಬಿ.’ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದೀರಿ ಎಂದು ಉಳಿದವರ ತಕರಾರು.

1997 ಬಿಸಿಲಿನ ವರ್ಷ. ಬಂದ ಹೊಸತರಲ್ಲಿ ಶತಮಾನದ ವೈನ್ ಎಂದೆಲ್ಲ ಕೊಂಡಾಡಿದ್ದರಂತೆ. ಲಾ ಮೊರಾದ ಮಣ್ಣಿನ ವೈನ್ ಸ್ವಭಾವದಿಂದಲೇ ಮೆದು, ಬೇಗ ಒಲಿಯುವಂಥದ್ದು. ಸುರಿದಾಗ ಅಂಚು ಕಿತ್ತಳೆ. ಖರ್ಜೂರ, ಜೋನಿಬೆಲ್ಲದ ತಳ ಹತ್ತಿದ ವಾಸನೆ. ಎಲ್ಲರೂ ಆಹಾ ಎಂದರು. ನಲವತ್ತು ನಿಮಿಷದ ಮೇಲೆ ನನ್ನ ಎರಡನೇ ಟಿಪ್ಪಣಿ: ‘ಮದುವೆ ಮುಗಿದ ಚಪ್ಪರ.’ ಹಣ್ಣಿನ ಅಂಶವೆಲ್ಲ ಜಾರಿಹೋಗಿ ಬರಿ ಸಿಹಿ ನೆರಳು ಉಳಿದಿತ್ತು. ಒಮ್ಮೆ ಬರೆದು ಮುಗಿಸುವ ಅಭ್ಯಾಸವಿದ್ದಿದ್ದರೆ ಇದಕ್ಕೆ ನನ್ನಿಂದ ಅಗ್ಗದ ಹೊಗಳಿಕೆ ಸಿಕ್ಕಿಬಿಡುತ್ತಿತ್ತು. ನೂರಕ್ಕೆ ಇಷ್ಟು ಅಂಕ ಎಂದು ಕೊಡುವ ಪದ್ಧತಿ ನನಗೆ ಒಗ್ಗದಿರುವುದೂ ಇದಕ್ಕೇ. ಯಾವ ಗಳಿಗೆಯ ಅಂಕ?

1996 ಇದಕ್ಕೆ ತದ್ವಿರುದ್ಧ. ತಂಪು ವರ್ಷ; ಸೆರ್ರಾಲುಂಗಾದ ನೆಲವೂ ಗಟ್ಟಿ ಒಗರಿಗೆ ಹೆಸರಾದದ್ದು. ಮೂವತ್ತರ ಹತ್ತಿರ ಬಂದಿದ್ದರೂ ಮೊದಲ ಅರ್ಧ ಗಂಟೆ ಬಾಗಿಲೇ ತೆಗೆಯಲಿಲ್ಲ. ‘ಡಾಂಬರು’ ಎಂದಷ್ಟೇ ಬರೆದೆ. ಬರೋಲೊ ಎಂದರೆ ಡಾಂಬರು, ಗುಲಾಬಿ ಎಂದು ಎಲ್ಲರೂ ಗಿಣಿಪಾಠ ಒಪ್ಪಿಸುವುದುಂಟು. ನಾನೂ ವರ್ಷಗಟ್ಟಲೆ ಒಪ್ಪಿಸಿದ್ದೆ. ಆ ರಾತ್ರಿ ಮಾತ್ರ ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸ ನಡೆಯುವಾಗ ಬಸ್ಸಿನ ಕಿಟಕಿಯಿಂದ ನುಗ್ಗುತ್ತಿದ್ದ ಬಿಸಿ ವಾಸನೆಯೇ ಬಂತು, ಜತೆಗೆ ಹಸಿ ಕಾಡಿನದ್ದೂ. ಒಂದು ಗಂಟೆಯ ಮೇಲೆ: ‘ದೇವರ ಪಟದ ಮೇಲೆ ಒಣಗಿದ ಗುಲಾಬಿ ಹಾರ.’ ಎರಡು ಗಂಟೆಯ ಮೇಲೆ: ‘ಸೊಪ್ಪಿನ ಬೆಟ್ಟ. ದರಕು ಗುಡಿಸಿದ ಜಾಗ. ಅಣಬೆ ಏಳುವ ಮುಂಚಿನ ದಿನ.’ (ದರಕು ಅಂದರೆ ಒಣಗಿ ಉದುರಿದ ಎಲೆ.) ಅಜ್ಜನ ಚೀಟಿಯಲ್ಲಿ ‘ಸೊತ್ತೊಬೊಸ್ಕೊ’ ಎಂದಿತ್ತು. ಮರಗಳ ಬುಡದಲ್ಲಿ ಬೆಳೆಯುವ, ಕೊಳೆಯುವ ಎಲ್ಲದಕ್ಕೂ ಇಟಾಲಿಯನ್ನರ ಒಂದೇ ಪದ ಅದು. ಅವರ ಕಾಡಿನಲ್ಲಿ ಹೇಝಲ್ ಮತ್ತು ಓಕ್, ನಮ್ಮದರಲ್ಲಿ ಮತ್ತಿ ಮತ್ತು ಹೊನ್ನೆ. ಗ್ಲಾಸು ಒಂದೇ.

ಪುತ್ತೂರಿನವನು ನನ್ನ ಸಾಲು ಕೇಳಿ, ‘ಮಾರಾಯಾ, ನೀನು ವೈನ್ ಕುಡಿಯುವುದಾ, ಊರು ನೆನೆಸಿಕೊಂಡು ಅಳುವುದಾ?’ ಎಂದ. ಆಕ್ಷೇಪ ನ್ಯಾಯದ್ದೇ. ನನ್ನ ಟಿಪ್ಪಣಿ ಅಜ್ಜನಿಗೆ ಅರ್ಥವಾಗುವುದಿಲ್ಲ, ಅಜ್ಜನದ್ದು ಆಯಿಗೆ ಅರ್ಥವಾಗುವುದಿಲ್ಲ. (ನಾನು ವೈನ್ ಕುಡಿಯುತ್ತೇನೆಂದೇ ಆಯಿಗೆ ಗೊತ್ತಿಲ್ಲ, ಅದು ಬೇರೆ.) ಎಲ್ಲರಿಗೂ ಅರ್ಥವಾಗಲೆಂದೇ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ವೈನ್ ವಿಜ್ಞಾನಿ ಆ್ಯನ್ ನೋಬಲ್ ಅವರು 1984ರಲ್ಲಿ ವೈನಿನ ಪರಿಮಳಗಳ ಹೆಸರುಗಳನ್ನು ಜೋಡಿಸಿದ ಚಕ್ರ ರಚಿಸಿದ್ದು. ಅದನ್ನು ನಾನೂ ಗೋಡೆಗೆ ಅಂಟಿಸಿಕೊಂಡಿದ್ದೇನೆ. ಆದರೆ ಮೂಗುಗಳೇ ಒಂದೇ ಇಲ್ಲವಲ್ಲ. ಕಾಳುಮೆಣಸಿನ ಘಾಟಿಗೆ ಕಾರಣವಾದ ರೊಟಂಡೋನ್ ಎಂಬ ಅಂಶವೇ ಶಿರಾಜ್ ವೈನಿನಲ್ಲೂ ಇದೆಯೆಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿದರು. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದು ತಟ್ಟುವುದೇ ಇಲ್ಲ ಎಂಬುದೂ ಆಗಲೇ ಗೊತ್ತಾಯಿತು. ನಮ್ಮ ಕೂಟದಲ್ಲಿ ಆ ಒಬ್ಬ ಪುತ್ತೂರಿನವನೇ ಇರಬೇಕು ಎಂದು ನನ್ನ ಗುಮಾನಿ. ಅಂಗಳದಲ್ಲಿ ಮೆಣಸು ಒಣಗಿಸುವ ಮನೆಯವನಿಗೆ ಶಿರಾಜ್‌ನಲ್ಲಿ ಮೆಣಸು ಒಂದು ಸಲವೂ ಸಿಕ್ಕಿಲ್ಲ.

ಮೆಡೊಕ್ ಕೊನೆಗೆ ಬಂತು. ಸಹೋದ್ಯೋಗಿ ತಾನೇ ಸುರಿದ, ಮಗಳ ಚಿಕ್ಕಂದಿನ ಕಥೆ ಹೇಳುತ್ತ. ಮೌನ ಶುರುವಾಯಿತು. ಮೂಗು ಹತ್ತಿರ ಒಯ್ದೆ. ಮುಗ್ಗಲು. ಎರಡನೇ ಸಲ, ಮುಗ್ಗಲು. ಬಿರಡೆಯಿಂದ ಬರುವ ಟಿ.ಸಿ.ಎ. ಎಂಬ ರಾಸಾಯನಿಕ ಇದು. ಒಂದು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಹಣ್ಣಿನ ಪರಿಮಳವನ್ನೆಲ್ಲ ಒರೆಸಿ ಹಾಕುತ್ತದೆ. ಎಷ್ಟು ಜೋಪಾನ ಮಾಡಿದರೂ ಅದು ಮೊದಲ ದಿನದಿಂದ ಬಾಟಲಿಯೊಳಗೇ ಇರುತ್ತದೆ. ಗಾಳಿಯಾಡಿದರೆ ಹೋಗುವುದಿಲ್ಲ, ಹೊತ್ತು ಹೋದಂತೆ ಇನ್ನಷ್ಟು ಎದ್ದು ಕಾಣುತ್ತದೆ. ಬೆಂಗಳೂರಿನ ಮನೆಯ ಅಟ್ಟದ ಮೇಲೆ ಆರು ಬೇಸಿಗೆ ಇಟ್ಟು, ನಂದಿಬೆಟ್ಟದ ತಪ್ಪಲಿನ ಒಳ್ಳೆಯ ಕೆಂಪು ವೈನೊಂದನ್ನು ನಾನು ಹಾಳು ಮಾಡಿದ್ದೆ. ಅದು ನನ್ನ ದಡ್ಡತನ, ಬೇಯಿಸಿದ ವಾಸನೆ ಬರುತ್ತಿತ್ತು. ಇವನದ್ದು ಯಾರ ತಪ್ಪೂ ಅಲ್ಲ.

ಬರೆಯಬೇಕೋ ಬೇಡವೋ? ಹತ್ತು ನಿಮಿಷದಲ್ಲಿ ಪೆನ್ನುಗಳ ಸದ್ದೇ ಇರಲಿಲ್ಲ. ಓದುವ ಸರದಿ ನನ್ನಿಂದ ಶುರು. ಬರೆದದ್ದನ್ನು ತಿದ್ದುವಂತಿಲ್ಲ ಎಂಬ ನಿಯಮ ನಾನೇ ಮಾಡಿದ್ದು. ಓದಿದೆ: ‘ಮಳೆಗಾಲದಲ್ಲಿ ಒಣಗದೆ ಉಳಿದ ಗೋಣಿಚೀಲ.’ ಕನ್ನಡದಲ್ಲಿ ಓದಿದ್ದರಿಂದ ಬಚಾವಾದೆ ಎಂದುಕೊಂಡೆ, ಆದರೆ ಸಹೋದ್ಯೋಗಿ ಅನುವಾದ ಕೇಳಿದ. ಹೇಳಿದೆ. ಅವನು ಗ್ಲಾಸು ನೋಡುತ್ತ ಕೂತ. ಅಜ್ಜ ಮೆಲ್ಲಗೆ, ‘ಸಾ ದಿ ತಾಪ್ಪೊ’ ಅಂದರು, ಬಿರಡೆ ನಾರುತ್ತಿದೆ ಎಂದು. ಆಗ ಅವನ ಹೆಂಡತಿ ತನ್ನ ಚೀಟಿ ತೋರಿಸಿದಳು. ಅದರಲ್ಲಿ ವೈನಿನ ಬಗ್ಗೆ ಒಂದಕ್ಷರವಿಲ್ಲ. ಹೆರಿಗೆ ಆಸ್ಪತ್ರೆಯ ದಾರಿಯಲ್ಲಿ ಕಾರು ಕೆಟ್ಟು ನಿಂತದ್ದು, ಮಂಜು, ಇವನು ಟ್ಯಾಕ್ಸಿಗಾಗಿ ಓಡಿದ್ದು, ಇಷ್ಟೇ. ಅವನೇ ಮೊದಲು ನಕ್ಕ. ಆ ಬಾಟಲಿಯನ್ನು ಸಿಂಕಿಗೆ ಚೆಲ್ಲಲು ಯಾರಿಗೂ ಮನಸ್ಸಾಗಲಿಲ್ಲ, ಬಿರಡೆ ಸಿಕ್ಕಿಸಿ ಬದಿಗಿಟ್ಟೆವು.

ಹೊರಡುವ ಮುಂಚೆ ಅಜ್ಜ ಕೇಳಿದರು, ‘ಇಂಜೆನ್ಯೇರೆ, ನೀವು ಯಾವಾಗಲೂ ಬರೆಯುವ ಆ ಚೊಗರು ಅಂದರೆ ಏನು?’ ಚೊಗರು ಇಲ್ಲಿ ಎಲ್ಲಿಂದ ತರಲಿ? ಊರಿಂದ ತಂದ ಕೆಂಪಡಿಕೆಯ ನಾಲ್ಕು ಚೂರು ಡಬ್ಬಿಯಲ್ಲಿತ್ತು. ಒಂದನ್ನು ಕೊಟ್ಟು, ನುಂಗಬೇಡಿ ಎಂದೆ. ಅಗಿದರು. ಹುಬ್ಬು ಗಂಟಾಯಿತು, ಕೆನ್ನೆ ಒಳಗೆ ಹೋಯಿತು.

‘ಅಲ್ಲಪ್ಪಾ!’

‘ಹೌದಪ್ಪಾ,’ ಎಂದ ಪುತ್ತೂರಿನವನು, ಕೋಟು ಹಾಕಿಕೊಳ್ಳುತ್ತ. ಅವನಿಗೆ ಕೊನೆಯ ರೈಲಿಗೆ ಹೊತ್ತಾಗಿತ್ತು.