ಜಗಳ ಮೈಕ್ ಮುಂದೆಯೇ ಆಗಬೇಕು

2019ರ ಜುಲೈ 15, ಸೋಮವಾರ. ಹಿಂದಿನ ದಿನ ಲಾರ್ಡ್ಸ್‌ನಲ್ಲಿ ಕ್ರಿಕೆಟ್ ವಿಶ್ವಕಪ್ ಫೈನಲ್ ಮುಗಿದಿತ್ತು. ನ್ಯೂಜಿಲೆಂಡ್ 241, ಇಂಗ್ಲೆಂಡ್ ಕೂಡ 241. ಸಮ ಆದಾಗ ತಲಾ ಒಂದೊಂದು ಓವರ್ ಆಡಿಸುವ ಸೂಪರ್ ಓವರ್‌ನಲ್ಲೂ 15–15. ಕೊನೆಗೆ ಬೌಂಡರಿ ಎಣಿಸಿದರು. 26ಕ್ಕೆ 17 ಅಂತ ಇಂಗ್ಲೆಂಡ್‌ಗೆ ಕಪ್ ಹೋಯಿತು. ಆಟದ ಬಗ್ಗೆ ಮಾತಾಡುವ ರೇಡಿಯೋ ಶೋದವರಿಗೆ ಇಂಥ ದಿನ ಅಪರೂಪಕ್ಕೆ ಸಿಗುತ್ತದೆ. ಅಂಥ ಶೋ ನಡೆಸುವ ನಾವಿಬ್ಬರು ಆ ಜಗಳವನ್ನು ಕಾರಿಡಾರಿನಲ್ಲೇ ಮುಗಿಸಿಬಿಟ್ಟೆವು.

ಶೋ ಶುರುವಾಗಲು ಇನ್ನೂ ಅರ್ಧ ಗಂಟೆ ಇತ್ತು. ನನ್ನ ಜೊತೆಗಾರ ಬಾಗಿಲಲ್ಲೇ ನಿಂತು, "ನಿಯಮ ಮೊದಲೇ ಬರೆದಿತ್ತು, ಎಲ್ಲರೂ ಒಪ್ಪಿಯೇ ಆಡಿದ್ದು" ಎಂದ. ನನಗೆ ಸಿಟ್ಟು ಬಂತು. ಇಂಗ್ಲೆಂಡ್ ಆಲ್‌ಔಟ್ ಆಗಿತ್ತು, ನ್ಯೂಜಿಲೆಂಡ್ ಕಳೆದುಕೊಂಡಿದ್ದು ಎಂಟೇ ವಿಕೆಟ್. ಅದಕ್ಕೆ ಬೆಲೆ ಇಲ್ವಾ? ಇಬ್ಬರೂ ಗಂಟಲು ಹರಿಯುವ ಹಾಗೆ ಕೂಗಾಡಿದೆವು. ಆಮೇಲೆ ಒಳಗೆ ಹೋಗಿ ಅದೇ ಮಾತು ಮತ್ತೆ ಶುರು ಮಾಡಿದೆವು. ನಾನು ಏನು ಹೇಳುತ್ತೇನೆ ಅಂತ ಅವನಿಗೆ ಗೊತ್ತು. ನನ್ನ ಮಾತು ಮುಗಿಯುವ ಮುಂಚೆಯೇ ಉತ್ತರ ಕೊಡುತ್ತಿದ್ದ. ಹತ್ತು ನಿಮಿಷಕ್ಕೆ ನಮ್ಮ ಪ್ರೊಡ್ಯೂಸರ್ ಹೆಡ್‌ಫೋನ್‌ನಲ್ಲಿ ಮೆಲ್ಲಗೆ ಹೇಳಿದರು: "ತಂಗಳು ಬಡಿಸ್ತಾ ಇದೀರಿ."

ಆ ದಿನ ನಮ್ಮನ್ನು ಉಳಿಸಿದ್ದು ಒಬ್ಬ ಕಾಲರ್, ಅಂದರೆ ಶೋಗೆ ಫೋನ್ ಮಾಡಿದ ಕೇಳುಗ. ಅವರು ಬೌಂಡರಿ ಲೆಕ್ಕ ಎತ್ತಲೇ ಇಲ್ಲ. ಕೊನೆಯ ಓವರ್‌ನಲ್ಲಿ ನ್ಯೂಜಿಲೆಂಡಿನ ಫೀಲ್ಡರ್ ಗಪ್ಟಿಲ್ ಎಸೆದ ಚೆಂಡು ಇಂಗ್ಲೆಂಡಿನ ಸ್ಟೋಕ್ಸ್ ಬ್ಯಾಟಿಗೆ ತಗುಲಿ ಬೌಂಡರಿಗೆ ಹೋಯಿತಲ್ಲ, ಅದಕ್ಕೆ ಓಡಿದ್ದು ಎರಡು, ಬೌಂಡರಿ ನಾಲ್ಕು ಅಂತ ಆರು ರನ್ ಕೊಟ್ಟದ್ದೇ ತಪ್ಪು ಎಂದರು. ಚೆಂಡು ಎಸೆದಾಗ ಬ್ಯಾಟ್ಸ್‌ಮನ್‌ಗಳು ಎರಡನೇ ರನ್‌ಗೆ ಒಬ್ಬರನ್ನೊಬ್ಬರು ದಾಟಿರಲಿಲ್ಲ. ಕ್ರಿಕೆಟ್ ನಿಯಮ 19.8ರ ಪ್ರಕಾರ ಆ ಎರಡನೇ ರನ್ ಸೇರುವುದಿಲ್ಲ, ಐದೇ ರನ್. ಮುಂದಿನ ಚೆಂಡಿಗೆ ಸ್ಟ್ರೈಕ್‌ನಲ್ಲಿ ಸ್ಟೋಕ್ಸ್ ಅಲ್ಲ, ಜೊತೆಗಿದ್ದ ಆದಿಲ್ ರಶೀದ್ ಇರಬೇಕಿತ್ತು. ಜೊತೆಗಾರನ ಕುರ್ಚಿ ಕಿರ್ ಅಂತ ಮುಂದೆ ಬಂತು. "ಏನು? ಐದಾ?" ಎಂದ. ಆ "ಐದಾ" ಅನ್ನುವ ದನಿಯಲ್ಲಿ ನಿಜವಾದ ಆಶ್ಚರ್ಯ ಇತ್ತು. ಶೋ ಅಲ್ಲಿಂದ ಎದ್ದು ನಿಂತಿತು. ಫೋನ್ ಲೈನೆಲ್ಲ ತುಂಬಿದವು.

ಶೋ ಮುಂಚೆ ಆಟದ ಮಾತು ಎತ್ತಬಾರದು ಅಂತ ನಮಗೆ ಮೊದಲಿಂದಲೂ ಅನಿಸುತ್ತಿತ್ತು, ಆದರೆ ಬಿಗಿಯಾಗಿ ಪಾಲಿಸುತ್ತಿರಲಿಲ್ಲ. ಅವತ್ತಿನಿಂದ ಪಾಲಿಸುತ್ತಿದ್ದೇವೆ. ಮನೆ, ಮಕ್ಕಳು, ಬೆನ್ನುನೋವು, ಎಲ್ಲ ಮಾತಾಡುತ್ತೇವೆ. ನಿನ್ನೆಯ ಪಂದ್ಯ ಮಾತ್ರ ಬೇಡ.

ಕೂರುವುದೂ ಎದುರು-ಬದುರೇ. ಒಬ್ಬರ ಮುಖ ಒಬ್ಬರಿಗೆ ಕಾಣಬೇಕು. ಇನ್ನೊಂದು ಕಾರಣವೂ ಇದೆ. ನಮ್ಮ ಮೈಕ್‌ಗಳು ಎದುರಿನ ದನಿಯನ್ನು ಜಾಸ್ತಿ, ಹಿಂದಿನದನ್ನು ಕಡಿಮೆ ಹಿಡಿಯುತ್ತವೆ. ಎದುರೆದುರು ಕೂತರೆ ಅವನ ದನಿ ನನ್ನ ಮೈಕಿನ ಬೆನ್ನಿಗೆ ಬೀಳುತ್ತದೆ. ಪಕ್ಕಪಕ್ಕ ಕೂತರೆ ಎರಡು ಮೈಕಿಗೂ ಎರಡು ದನಿ ನುಗ್ಗಿ, ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳಿಸುತ್ತದೆ. ಬಾಯಿಂದ ಮೈಕಿಗೆ ನಾಲ್ಕು ಬೆರಳು ದೂರ ಇಡುತ್ತೇವೆ. ನಗು ಬಂದರೆ ಪಕ್ಕಕ್ಕೆ ತಿರುಗುತ್ತೇವೆ.

ಕೈ ಸನ್ನೆ ಮೂರೇ. ಮೇಜಿನ ಮೇಲೆ ಅಂಗೈ ಚಪ್ಪಟೆಯಾಗಿ ಇಟ್ಟರೆ "ನನ್ನದು ಇನ್ನೂ ಮುಗಿದಿಲ್ಲ." ಬೆರಳು ಎತ್ತಿದರೆ "ಮುಂದಿನದು ನನಗೆ." ಮುಷ್ಟಿ ಅಂದರೆ ಬ್ರೇಕ್. ಹೊಸದರಲ್ಲಿ ಸನ್ನೆ ಇಲ್ಲದೆ ಇಬ್ಬರೂ ಒಟ್ಟಿಗೆ ಬಾಯಿ ಹಾಕುತ್ತಿದ್ದೆವು. ಆಗ ಕೇಳುವವರಿಗೆ ಎರಡೂ ಸಿಗುವುದಿಲ್ಲ, ಬರೀ ಗದ್ದಲ.

ಫೋನ್ ಮಾಡುವವರಿಗೆ ನಾವು ಮೊದಲು ಹೇಳುವುದು, "ರೇಡಿಯೋ ಆಫ್ ಮಾಡಿ, ಫೋನ್‌ನಲ್ಲೇ ಕೇಳಿ" ಅಂತ. ನಾವು ಆಡಿದ ಮಾತು ಏಳು ಸೆಕೆಂಡ್ ತಡವಾಗಿ ಹೊರಗೆ ಹೋಗುತ್ತದೆ. ಯಾರಾದರೂ ಕೆಟ್ಟ ಮಾತಾಡಿದರೆ ಒಂದು ಗುಂಡಿ ಒತ್ತಿ ಅದನ್ನು ಕತ್ತರಿಸಲು ಈ ಅಂತರ ಬೇಕು. ರೇಡಿಯೋ ಆನ್ ಇಟ್ಟವರಿಗೆ ತಮ್ಮದೇ ದನಿ ತಡವಾಗಿ ಕೇಳಿಸಿ ಮಾತು ತಡವರಿಸುತ್ತದೆ. ಗುಂಡಿ ಒತ್ತಿದ ಮೇಲೆ ಆ ಏಳು ಸೆಕೆಂಡ್ ಮತ್ತೆ ತುಂಬಬೇಕು. ಯಂತ್ರ ನಮ್ಮ ಮಾತನ್ನು ಯಾರಿಗೂ ಗೊತ್ತಾಗದಷ್ಟು ಎಳೆದು ಎಳೆದು ತುಂಬಿಕೊಳ್ಳುತ್ತದೆ. ಅದು ತುಂಬುವವರೆಗೆ ನಾನು ಹೊಸ ಕಾಲ್ ತೆಗೆದುಕೊಳ್ಳುವುದಿಲ್ಲ. ಒಮ್ಮೆ ಅವಸರ ಮಾಡಿ ಮುಂದಿನ ಕಾಲರ್‌ನ ಬೈಗುಳ ನೇರ ಪ್ರಸಾರವಾಯಿತು. ಮಕ್ಕಳೂ ಕೇಳುವ ಹೊತ್ತು. ಆ ಬೇಸರ ಇನ್ನೂ ಇದೆ.

ಇಬ್ಬರು ನಡೆಸುವ ಶೋ ಅಂದರೆ ನ್ಯೂಯಾರ್ಕಿನ ಡಬ್ಲ್ಯೂಎಫ್‌ಎಎನ್ ನೆನಪಾಗುತ್ತದೆ. ಇಡೀ ದಿನ ಬರೀ ಕ್ರೀಡೆಯ ಮಾತಿಗೇ ಮೀಸಲಾಗಿ 1987ರಲ್ಲಿ ಶುರುವಾದ ಸ್ಟೇಷನ್ ಅದು. ಮೈಕ್ ಫ್ರಾನ್ಸೆಸಾ ಮತ್ತು ಕ್ರಿಸ್ ರೂಸೋ ಅಲ್ಲಿ 1989ರಿಂದ 2008ರವರೆಗೆ ಜೊತೆಯಾಗಿ ಶೋ ಮಾಡಿದರು. ಒಬ್ಬರದು ಎಲ್ಲ ತಿಳಿದವರ ಗತ್ತಿನ ದನಿ, ಇನ್ನೊಬ್ಬರದು ಏರುದನಿಯ ಅಬ್ಬರ. ಇಬ್ಬರೂ ಒಂದೇ ಥರ ಇದ್ದಿದ್ದರೆ ಅಷ್ಟು ವರ್ಷ ಜನ ಕೇಳುತ್ತಿರಲಿಲ್ಲ ಅಂತ ನನ್ನ ಗಟ್ಟಿ ನಂಬಿಕೆ. ನಮ್ಮಲ್ಲಿ ಅವನು ನಿಯಮದ ಕಡೆ, ನಾನು ಆಟಗಾರನ ಕಡೆ. ಇದನ್ನು ಯಾರೂ ಹಂಚಿಕೊಟ್ಟದ್ದಲ್ಲ. ಸುಮ್ನೆ ಪಾತ್ರ ಹಾಕಿಕೊಂಡರೆ ಕೇಳುವವರು ವಾರದೊಳಗೆ ಹಿಡಿದುಬಿಡುತ್ತಾರೆ.

ಆ ಫೈನಲ್ ನಡೆದ 2019ರ ಅಕ್ಟೋಬರಿನಲ್ಲೇ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಐಸಿಸಿ ಬೌಂಡರಿ ಲೆಕ್ಕದ ನಿಯಮವನ್ನೇ ತೆಗೆದುಹಾಕಿತು. ಇನ್ನು ಸೆಮಿಫೈನಲ್, ಫೈನಲ್‌ಗಳಲ್ಲಿ ಗೆಲುವು ಸಿಗುವವರೆಗೂ ಸೂಪರ್ ಓವರ್ ಆಡಬೇಕು ಅಂತಾಯಿತು. ಸುದ್ದಿ ಓದಿದ ಕೂಡಲೇ ಅವನಿಗೆ ಫೋನ್ ಮಾಡಲು ಕೈ ಹೋಯಿತು. ತಡೆದುಕೊಂಡೆ. ಲಿಫ್ಟ್‌ನಲ್ಲಿ ಇಬ್ಬರೇ ಸಿಕ್ಕೆವು. ಅವನು ಮಗಳ ಪರೀಕ್ಷೆ ಬಗ್ಗೆ ಹೇಳಿದ, ನಾನು ಕೇಳಿಸಿಕೊಂಡೆ. ಸ್ಟುಡಿಯೋ ಒಳಗೆ ಹೋದೆವು, ಹೆಡ್‌ಫೋನ್ ಹಾಕಿಕೊಂಡೆವು. ಕೆಂಪು ದೀಪ ಹತ್ತುವ ಮುಂಚೆಯೇ ಅವನ ಬೆರಳು ಮೇಲೆ ಎದ್ದಿತ್ತು.