ಗುಡ್ಡದ ಮೇಲೆ ನೀರೆಲ್ಲಿ ಸಿಗುತ್ತದೆ?

2007ರ ಜನವರಿಯಲ್ಲಿ ಮೊದಲ ಸಲ ಕುಕ್ಕೆ ಸುಬ್ರಹ್ಮಣ್ಯದ ಬಳಿಯ ಕುಮಾರಪರ್ವತ ಹತ್ತಿ ಬಂದ ನಾನು, ಮೈಕೈ ನೋವು ಇಳಿಯುವ ಮೊದಲೇ ಹದಿನಾಲ್ಕು ಪುಟಗಳ ಲೇಖನ ಬರೆದು ಒಂದು ವಾರಪತ್ರಿಕೆಗೆ ಕಳುಹಿಸಿದೆ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು ಹತ್ತುವುದರಿಂದ ಆರಂಭವಾಗುತ್ತಿದ್ದ ಆ ಬರಹದಲ್ಲಿ ಕುಕ್ಕೆಯ ಸ್ನಾನ, ದೇವರ ದರ್ಶನ, ಹೋಟೆಲಿನ ತಿಂಡಿ ಎಲ್ಲ ಮುಗಿದು ಕಾಡಿನ ದಾರಿ ಕಾಣಿಸಿಕೊಳ್ಳುವಷ್ಟರಲ್ಲಿ ಐದನೆಯ ಪುಟ ಬಂದಿತ್ತು. ಅಂಚೆಚೀಟಿ ಹಚ್ಚಿ ಒಳಗಿಟ್ಟಿದ್ದ ಲಕೋಟೆಯಲ್ಲೇ ಅದು ವಿಷಾದಪತ್ರದ ಜೊತೆ ಹಿಂದಿರುಗಿತು. ಅನಂತರ ಬೇರೆ ಬೇರೆ ಪತ್ರಿಕೆಗಳಿಗೆ ಕಳುಹಿಸಿದ ಮೂರು ಲೇಖನಗಳಿಗೂ ಅದೇ ಗತಿಯಾಯಿತು.

ನಾಲ್ಕನೆಯದನ್ನು ತಿರಸ್ಕರಿಸಿದ ಉಪಸಂಪಾದಕರೊಬ್ಬರು ದೊಡ್ಡ ಮನಸ್ಸು ಮಾಡಿ ದೂರವಾಣಿಯಲ್ಲಿ ಮಾತನಾಡಿದರು. "ನಿಮಗೆ ಸುಸ್ತಾಯಿತು, ತುದಿಯಲ್ಲಿ ನಿಂತಾಗ ಸಂತೋಷವಾಯಿತು ಅನ್ನೋದು ತಿಳೀತು. ಆದರೆ ದಾರಿಯಲ್ಲಿ ನೀರು ಎಲ್ಲಿ ಸಿಗುತ್ತೆ ಅಂತ ಎಲ್ಲೂ ಬರೆದಿಲ್ವಲ್ಲ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಎರಡು ದಿನ ಆ ಗುಡ್ಡದ ಮೇಲೆ ನೀರು ಕುಡಿದಿದ್ದೆ, ಬಾಟಲಿ ತುಂಬಿಸಿಕೊಂಡಿದ್ದೆ. ಅದು ಎಲ್ಲಿಂದ ಬರುತ್ತಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಇಂದಿಗೂ ಲೇಖನಕ್ಕೆ ಕೂರುವ ಮೊದಲು ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳುತ್ತೇನೆ.

ಮುಂದಿನ ಚಳಿಗಾಲದಲ್ಲಿ ಅದೇ ಗುಡ್ಡವನ್ನು ಮತ್ತೆ ಹತ್ತಿದೆ. ಈ ಸಲ ಜೇಬಿನಲ್ಲಿ ಅಂಗೈಯಗಲದ ಪುಸ್ತಕವೂ ಸೀಸದ ಕಡ್ಡಿಯೂ ಇದ್ದವು. ಹಿಂದಿನ ವರ್ಷ ಮಲೆನಾಡಿನ ಮಳೆಯಲ್ಲಿ ಪೆನ್ನಿನ ಅಕ್ಷರಗಳೆಲ್ಲ ಕಲಸಿಹೋಗಿದ್ದರಿಂದ, ಒದ್ದೆಯಾದರೂ ಅಳಿಯದ ಸೀಸದ ಕಡ್ಡಿಯನ್ನೇ ಅಂದಿನಿಂದ ನೆಚ್ಚಿಕೊಂಡಿದ್ದೇನೆ. ಆ ಪುಸ್ತಕ ಈಗಲೂ ನನ್ನಲ್ಲಿದೆ. ದಾರಿಯ ನಡುವೆ ಚಾರಣಿಗರು ತಂಗುವ ಗಿರಿಗದ್ದೆಯ ಭಟ್ಟರ ಮನೆಯಿಂದ ಬೆಳಿಗ್ಗೆ ಹೊರಟ ದಿನದ ಪುಟದಲ್ಲಿ ಹೀಗಿದೆ: "9.40. ಕಲ್ಲುಮಂಟಪ. ನೀರಿದೆ. ಧಾರೆ ಕಿರುಬೆರಳಿನಷ್ಟು ದಪ್ಪ. ಲೀಟರಿನ ಬಾಟಲಿ ತುಂಬಲು ನೂರರವರೆಗೆ ಎಣಿಸಬೇಕಾಯಿತು. ಇಲ್ಲಿಂದ ಮುಂದೆ ಶೇಷಪರ್ವತದವರೆಗೆ ನೆರಳಿಲ್ಲ." ನೋಡಿದ್ದನ್ನು ನೋಡಿದಲ್ಲಿಯೇ ಬರೆದುಕೊಂಡ ಆ ನಾಲ್ಕು ಸಾಲುಗಳು ಹಿಂದಿನ ಹದಿನಾಲ್ಕು ಪುಟಗಳಿಗಿಂತ ಹೆಚ್ಚು ಕೆಲಸ ಮಾಡಿದವು.

ಮಳೆ ನಿಂತು ತಿಂಗಳುಗಳು ಕಳೆದ ಮೇಲೂ ಬೋಳು ಹುಲ್ಲಿನ ಗುಡ್ಡದಲ್ಲಿ ನೀರು ಒಸರುವುದು ಹೇಗೆ ಎಂಬ ಕುತೂಹಲ ಅಲ್ಲಿಯೇ ಹುಟ್ಟಿತು. ಊರಿನ ಹಿರಿಯರನ್ನು ಕೇಳಿದೆ, ಗ್ರಂಥಾಲಯದಲ್ಲಿ ಕುಳಿತು ಓದಿದೆ. ಪಶ್ಚಿಮಘಟ್ಟದ ಹುಲ್ಲುಗಾವಲು ಮತ್ತು ಅದರ ಮಡಿಕೆಗಳಲ್ಲಿ ಬೆಳೆಯುವ ಶೋಲಾ ಕಾಡು ಒಟ್ಟಾಗಿ ಮಳೆನೀರನ್ನು ಮಣ್ಣಿನೊಳಗೆ ಹಿಡಿದಿಟ್ಟುಕೊಂಡು ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತವೆ. ಈ ಬೆಟ್ಟಸಾಲಿನಲ್ಲಿ ಹುಟ್ಟುವ ಕುಮಾರಧಾರಾ ನದಿ ಕುಕ್ಕೆಯನ್ನು ಹಾದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಹಾಗಾದರೆ ನಾನು ನೂರರವರೆಗೆ ಎಣಿಸುತ್ತ ಬಾಟಲಿಗೆ ಹಿಡಿದದ್ದು ಸಂಗಮದಲ್ಲಿ ಜನ ಮುಳುಗಿ ಏಳುವ ಹೊಳೆಯ ನೀರನ್ನೇ. ಇದು ಹೊಳೆದ ಕ್ಷಣದಲ್ಲಿ ನನಗೆ ಲೇಖನ ಸಿಕ್ಕಿತು. ಬಸ್ಸು, ತಿಂಡಿ, ಸ್ನೇಹಿತರ ತಮಾಷೆ ಯಾವುದೂ ಅದರೊಳಗೆ ಬರಲಿಲ್ಲ. ಕಲ್ಲುಮಂಟಪದ ಧಾರೆಯಿಂದ ಆರಂಭಿಸಿ 750 ಪದಗಳಲ್ಲಿ ಮುಗಿಸಿದೆ. ಅದು ದಿನಪತ್ರಿಕೆಯೊಂದರ ಪುರವಣಿಯಲ್ಲಿ ಎರಡು ಚಿತ್ರಗಳೊಂದಿಗೆ ಅಚ್ಚಾಯಿತು. ಸಂಭಾವನೆಯ ಚೆಕ್ಕು ಮೂರು ತಿಂಗಳ ಮೇಲೆ ಬಂದಾಗ ಅಪ್ಪ ಅದನ್ನು ಒಂದು ದಿನ ದೇವರ ಮುಂದೆ ಇಟ್ಟು, ಅನಂತರವೇ ಬ್ಯಾಂಕಿಗೆ ಕೊಟ್ಟರು.

ಆದರೆ ಅದೇ ಲೇಖನದಲ್ಲಿ ಒಂದು ತಪ್ಪು ನುಸುಳಿತ್ತು. ಕುಮಾರಪರ್ವತವನ್ನು ಕೊಡಗಿನ ಅತಿ ಎತ್ತರದ ಶಿಖರವೆಂದು ಬರೆದುಬಿಟ್ಟಿದ್ದೆ. ಅದರ ಎತ್ತರ 1712 ಮೀಟರ್; ಕೊಡಗಿನದೇ ಇನ್ನೊಂದು ಶಿಖರವಾದ ತಡಿಯಂಡಮೋಳ್ 1748 ಮೀಟರ್ ಇದೆ. ಮಡಿಕೇರಿಯ ಓದುಗರೊಬ್ಬರು ವಾಚಕರ ವಾಣಿಗೆ ಪತ್ರ ಬರೆದು ತಿದ್ದಿದರು. ನಾನು ಆ ದಿನವೇ ಸಂಪಾದಕರಿಗೆ ಪತ್ರ ಬರೆದು ತಪ್ಪೊಪ್ಪಿಕೊಂಡೆ, ಪತ್ರಿಕೆಯವರು ತಿದ್ದುಪಡಿ ಹಾಕಿದರು. ತಪ್ಪು ಮಾಡಿದವನನ್ನು ಇನ್ನು ಸೇರಿಸುವುದಿಲ್ಲ ಎಂದು ಹೆದರಿದ್ದೆನಾದರೂ ಅವರೇ ಎರಡು ತಿಂಗಳ ಬಳಿಕ ಮತ್ತೊಂದು ಲೇಖನ ಕೇಳಿದರು. ಅಂದಿನಿಂದ ಎತ್ತರ, ದೂರ, ಇಸವಿ, ಊರಿನ ಹೆಸರು ಈ ನಾಲ್ಕನ್ನೂ ಲೇಖನದಿಂದ ಹೊರತೆಗೆದು ಬೇರೆ ಹಾಳೆಯಲ್ಲಿ ಬರೆದು ಒಂದೊಂದಾಗಿ ತಾಳೆ ನೋಡಿದ ಮೇಲೆಯೇ ಕಳುಹಿಸುತ್ತೇನೆ. ಊರಿನ ಹೆಸರಿನಲ್ಲಿ ಒಂದಕ್ಷರ ಕೆಟ್ಟರೂ ಅಲ್ಲಿಯವರ ಮನಸ್ಸಿಗೆ ನೋವಾಗುತ್ತದೆ, ಅದು ನ್ಯಾಯವೂ ಹೌದು.

ಯಾವ ಪತ್ರಿಕೆಗೆ ಏನು ಎಂಬುದನ್ನು ಓದಿಯೇ ತಿಳಿಯಬೇಕಾಯಿತು. ಸುಧಾ, ತರಂಗ, ಮಯೂರ, ಕಸ್ತೂರಿಗಳ ಹಳೆಯ ಸಂಚಿಕೆಗಳನ್ನು ಬಡಾವಣೆಯ ಗ್ರಂಥಾಲಯದಲ್ಲಿ ತಿಂಗಳುಗಟ್ಟಲೆ ತಿರುವಿ ಹಾಕಿದೆ. ಪುರವಣಿಗೆ ಒಂದೇ ವಿಷಯದ ಚಿಕ್ಕ ಬರಹ ಸಾಕು. ಮಾಸಪತ್ರಿಕೆಯಲ್ಲಿ ಜಾಗದ ಇತಿಹಾಸಕ್ಕೂ ಜನಜೀವನಕ್ಕೂ ಅವಕಾಶವಿರುತ್ತದೆ. ಜಲಪಾತದ ಲೇಖನವನ್ನು ಜೋರು ಮಳೆಯಲ್ಲಿ ನೆನೆದು ಬಂದು ಬರೆದು ಕಳುಹಿಸಿದರೆ, ಅದು ಸರದಿಯಲ್ಲಿ ಕಾದು ಅಚ್ಚಾಗುವ ಹೊತ್ತಿಗೆ ನೀರು ಇಳಿದಿರುತ್ತದೆ. ಆದ್ದರಿಂದ ಒಂದು ಮಳೆಗಾಲದಲ್ಲಿ ನೋಡಿದ್ದನ್ನು ಮುಂದಿನ ಏಪ್ರಿಲ್ ತಿಂಗಳಲ್ಲಿ ಕಳುಹಿಸುವುದನ್ನು ರೂಢಿಸಿಕೊಂಡೆ. ದೀಪಾವಳಿ ವಿಶೇಷಾಂಕಕ್ಕೂ ತಿಂಗಳುಗಳ ಮೊದಲೇ ಬರಹ ಅವರ ಕೈಸೇರಬೇಕು. ಒಂದೇ ಲೇಖನವನ್ನು ಏಕಕಾಲಕ್ಕೆ ಎರಡು ಕಡೆಗೆ ಕಳುಹಿಸಲು ಎಂದೂ ಹೋಗಲಿಲ್ಲ. ಚಿತ್ರಗಳ ವಿಷಯದಲ್ಲಿ ಹೇಳಬೇಕಾದುದು ಇಷ್ಟೇ: ನಾನು ಶಿಖರದ ಮೇಲೆ ನಿಂತ ಚಿತ್ರವನ್ನು ಯಾರೂ ಬಳಸಲಿಲ್ಲ, ಉಂಬಳ (ಜಿಗಣೆ) ಹತ್ತದಿರಲೆಂದು ಸುಣ್ಣ ಮತ್ತು ಹೊಗೆಸೊಪ್ಪಿನ ಗಂಟನ್ನು ಕೋಲಿಗೆ ಕಟ್ಟುತ್ತಿದ್ದ ಅಜ್ಜನ ಕೈಗಳ ಚಿತ್ರವನ್ನು ಎರಡು ಪತ್ರಿಕೆಗಳು ಕೇಳಿ ಪಡೆದವು.

ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ. ಮಲೆನಾಡಿನ ತೋಟವೊಂದರ ಅಂಚಿನಲ್ಲಿದ್ದ ಚಿಕ್ಕ ಅಬ್ಬಿಯ (ಜಲಪಾತದ) ಬಗ್ಗೆ ಬರೆದಾಗ ಯಾವ ತಿರುವಿನಲ್ಲಿ ಇಳಿಯಬೇಕು, ಯಾವ ಸಂಕ (ಕಾಲುಸೇತುವೆ) ದಾಟಬೇಕು ಎಂಬುದನ್ನೆಲ್ಲ ನಿಖರವಾಗಿ ಕೊಟ್ಟಿದ್ದೆ. ಎರಡು ಮಳೆಗಾಲ ಕಳೆದ ಮೇಲೆ ಮತ್ತೆ ಅಲ್ಲಿಗೆ ಹೋದಾಗ ಬಂಡೆಗಳ ನಡುವೆ ಒಡೆದ ಬಾಟಲಿಗಳಿದ್ದವು, ಮನೆಯವರು ದಾರಿಗೆ ಬೇಲಿ ಹಾಕಿದ್ದರು. ಹಿಂದೆ ನನಗೆ ಮಜ್ಜಿಗೆ ಕೊಟ್ಟಿದ್ದ ಅಮ್ಮ, "ನೀವು ಬರೆದ ಮೇಲೇ ಅಲ್ವಾ ಮಾರಾಯ್ರೇ, ಇವರೆಲ್ಲ ಬಂದದ್ದು" ಎಂದರು. ನಾನು ಕ್ಷಮೆ ಕೇಳಿದೆ. ಒಡೆದ ಬಾಟಲಿಗಳಿಗೆ ಅದರಿಂದ ಏನೂ ಆಗಲಿಲ್ಲ. ಅಂದಿನಿಂದ, ಕಾವಲಿಲ್ಲದ ಪುಟ್ಟ ತಾಣಗಳ ವಿಷಯ ಬರೆಯುವಾಗ ದಾರಿಯನ್ನು ಕೊಡುವುದಿಲ್ಲ, ಕೆಲವೊಮ್ಮೆ ಹೆಸರನ್ನೂ ಹೇಳುವುದಿಲ್ಲ. ಇದಕ್ಕೆ ಒಪ್ಪದ ಸಂಪಾದಕರೂ ಇದ್ದಾರೆ, ಅಂಥಲ್ಲಿ ಲೇಖನವನ್ನು ಹಿಂದಕ್ಕೆ ಪಡೆದಿದ್ದೇನೆ.

2024ರ ಜನವರಿ 26ರ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನ ಸಾಲುಗಟ್ಟಿ ನಿಂತ ಚಿತ್ರಗಳನ್ನು ನೋಡಿದಾಗ ನನಗೆ ಮೊದಲು ನೆನಪಾದದ್ದು ಕಿರುಬೆರಳಿನಷ್ಟು ದಪ್ಪದ ಆ ಧಾರೆ. ಅದಾದ ಮೇಲೆ ಸರ್ಕಾರ ಚಾರಣಕ್ಕೆ ಮುಂಗಡ ಆನ್‌ಲೈನ್ ನೋಂದಣಿಯನ್ನು ಕಡ್ಡಾಯ ಮಾಡಿ, ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿದ್ದನ್ನು ನಾನು ಸ್ವಾಗತಿಸಿ ಬರೆದೆ. ಈಗ ಅದೇ ನೀರಿನ ಜಾಡು ಹಿಡಿದು ಕುಕ್ಕೆಯಿಂದ ಕೆಳಗೆ, ಕುಮಾರಧಾರೆಯ ದಡದ ಊರುಗಳಲ್ಲಿ ನಡೆಯುತ್ತಿದ್ದೇನೆ. ಉಪ್ಪಿನಂಗಡಿ ತಲುಪಲು ಇನ್ನೂ ಎರಡು ದಿನದ ನಡಿಗೆ ಬಾಕಿಯಿದೆ, ಪುಸ್ತಕದಲ್ಲಿ ಹನ್ನೊಂದು ಪುಟ ತುಂಬಿದೆ. ಲೇಖನದ ಮೊದಲ ವಾಕ್ಯವನ್ನು ಇನ್ನೂ ಬರೆದಿಲ್ಲ.